ಪೀಠದ ಅಡುಗೆಯ ಪೊಕುವಾ ಬಾಯಿಬಿಟ್ಟಳು

ಬಟ್ಟೆಯಲ್ಲಿ ಮತ್ತೆ ರಕ್ತದ ಕಲೆ. ನಾಲ್ಕು ತಿಂಗಳಿಂದ ಹೀಗೇ. ಮುಟ್ಟು ನಿಂತು ಒಂಬತ್ತು ವರ್ಷವಾಗಿದ್ದ ಪೊಕುವಾ ಯಾರಿಗೂ ಹೇಳದೆ ಒಗೆದು, ಮನೆಯೊಳಗೇ ಒಣಹಾಕುತ್ತಿದ್ದಳು.

ಹೇಳಿದರೆ ಅರಮನೆಯ ಕೆಲಸ ಹೋದಂತೆಯೇ. ಅಸಾಂಟೆ ಸೀಮೆಯ ಆ ಊರಿನಲ್ಲಿ ತೀರಿಹೋದ ಹಿರಿಯರ ಆತ್ಮ ನೆಲೆಸಿದೆ ಎಂದು ಅರಮನೆಯಲ್ಲಿ ಕಾಪಾಡುವ ಪೀಠಗಳಿಗೆ ಯಾಮ್ ಗೆಡ್ಡೆ ಬೇಯಿಸಿ ಎಡೆ ಮಾಡುವುದು ಮುಟ್ಟು ನಿಂತ ಹೆಂಗಸಿಗೆ ಮಾತ್ರ ಸಲ್ಲುವ ಮರ್ಯಾದೆ. ಮುಟ್ಟಾಗುವವಳು ಆ ಒಲೆಯ ಹತ್ತಿರವೂ ಸುಳಿಯುವಂತಿಲ್ಲ. ಪೊಕುವಾಳ ತುಂಬಿದ ಮೈ ನೋಡಿ ಊರೇ ಹೆಮ್ಮೆಪಡುತ್ತಿತ್ತು. ಆ ಮೈಯಲ್ಲಿ ಏನೋ ಕೆಟ್ಟಿದೆ ಎಂದು ಒಪ್ಪಲು ಅವಳಿಗೆ ಮನಸ್ಸಿರಲಿಲ್ಲ.

ತಂಗಿಯ ಮಗಳು ದುಫಿ ಊರಿನ ಕ್ಲಿನಿಕ್ಕಿನ ನರ್ಸು. ಒಂದು ದಿನ ಬಂದವಳ ಕಣ್ಣಿಗೆ ಆ ಬಟ್ಟೆ ಬಿತ್ತು.

"ದೊಡ್ಡಮ್ಮ, ಎಷ್ಟು ದಿನದಿಂದ ಹೀಗೆ?"

"ಹರೆಯ ವಾಪಸ್ ಬಂದಿದೆ ಕಣೆ. ನಿನಗ್ಯಾಕೆ ಹೊಟ್ಟೆಕಿಚ್ಚು?"

"ಹೋದ ಹರೆಯ ಬರಲ್ಲ. ಗರ್ಭಕೋಶದ ಒಳಪದರದಲ್ಲಿ ಕ್ಯಾನ್ಸರ್ ಇದ್ರೂ ಹೀಗೇ ರಕ್ತ ಕಾಣ್ಸತ್ತೆ. ಬೇರೆ ಕಾರಣಾನೂ ಇರಬಹುದು. ತೋರಿಸ್ದೆ ಗೊತ್ತಾಗಲ್ಲ."

"ನೋವೇ ಇಲ್ವಲ್ಲ."

"ನೋವು ಬರೋವರೆಗೆ ಕಾಯ್ಬಾರ್ದು. ಮೈಯಲ್ಲಿ ಬೊಜ್ಜು ಜಾಸ್ತಿ ಇದ್ರೆ ಆ ಪದರಾನ ಬೆಳೆಸೋ ಹಾರ್ಮೋನೂ ಜಾಸ್ತಿ. ಅದಕ್ಕೇ ನಿನ್ನಂಥೋರಿಗೆ ಅಪಾಯ ಹೆಚ್ಚು."

"ಓಹೋ, ದಪ್ಪಗಿರೋದು ನನ್ನ ತಪ್ಪೋ?"

"ತಪ್ಪು ಅಂದ್ನಾ? ಬೇಗ ಹೋಗೋಣ ಅಂದೆ. ಬೇಗ ಗೊತ್ತಾದ್ರೆ ಬಹಳ ಜನಕ್ಕೆ ಗುಣ ಆಗತ್ತೆ."

ಪೊಕುವಾಗೆ ಸಿಟ್ಟು ನೆತ್ತಿಗೇರಿತು. ನಾಲ್ಕು ತಿಂಗಳು ಕಳ್ಳಿಯ ಹಾಗೆ ಬಟ್ಟೆ ಒಗೆದೆನಲ್ಲ ಎಂದು ತನ್ನ ಮೇಲೇ ಸಿಟ್ಟು. ನೆಟ್ಟಗೆ ಅರಮನೆಗೆ ಹೋಗಿ, ಹೆಂಗಸರೆಲ್ಲ ಕೂತಿದ್ದ ಅಂಗಳದಲ್ಲಿ, ಅವರಿಗೆಲ್ಲ ಒಡತಿಯಾದ ರಾಣಿತಾಯಿಯ ಎದುರು ನಿಂತಳು.

"ತಾಯಿ, ನನಗೆ ರಕ್ತ ಹೋಗ್ತಿದೆ. ಒಲೆ ಹತ್ರ ಬರಲ್ಲ, ಆಸ್ಪತ್ರೆಗೆ ಹೋಗ್ತೀನಿ. ನನ್ನ ಜಾಗ ಬೇಕಾದ್ರೆ ಯಾರಿಗಾದ್ರೂ ಕೊಡಿ. ಜೀವ ಮಾತ್ರ ಕೊಡಲ್ಲ."

"ಮೆಲ್ಲಗೆ ಮಾತಾಡೆ, ಗಂಡಸರು ಕೇಳಿಸ್ಕೊಂಡಾರು" ಎಂದಳು ಪಕ್ಕದವಳು.

"ಕೇಳಿಸ್ಕೊಳ್ಳಲಿ. ಅವರೇನು ಮರದಿಂದ ಉದುರಿದ್ರಾ?"

ರಾಣಿತಾಯಿ ಎದ್ದು ಪೊಕುವಾಳ ಪಕ್ಕಕ್ಕೆ ಬಂದಳು. ಎಲ್ಲರಿಗೂ ಕೇಳುವಂತೆ ಹೇಳಿದಳು: "ನಾನೂ ಬರ್ತೀನಿ. ನಂದು ನಿಂತು ಐದು ವರ್ಷ ಆಗಿತ್ತು. ಈಗ ಎರಡು ತಿಂಗಳಿಂದ ಕಾಣ್ತಿದೆ."

ಕುಮಾಸಿ ನಗರದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಒಳಪದರದ ಚೂರು ತೆಗೆದು ಪರೀಕ್ಷಿಸಿದರು. ರಾಣಿತಾಯಿಗೆ ಇದ್ದದ್ದು ಬರೀ ದುರ್ಮಾಂಸದ ಸಣ್ಣ ಗಂಟು, ಕ್ಯಾನ್ಸರ್ ಅಲ್ಲ. ಪೊಕುವಾಗೆ ಕ್ಯಾನ್ಸರ್, ಇನ್ನೂ ಮೊದಲ ಹಂತ. ಗರ್ಭಕೋಶ ತೆಗೆದರು. ಚೇತರಿಸಿಕೊಂಡು ಬಂದಾಗ ಅವಳ ಜಾಗ ಅವಳಿಗೇ ಕಾದಿತ್ತು.

ಅಕ್ಕಂದಿರೇ, ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ, ನಿಲ್ಲುವ ಮೊದಲೇ ಹೊತ್ತುಗೊತ್ತಿಲ್ಲದೆ ವಿಪರೀತ ಹೋಗುತ್ತಿದ್ದರೂ, ಈ ವಾರವೇ ಡಾಕ್ಟರಿಗೆ ತೋರಿಸಿ. ಮೈ ದಪ್ಪ ಎಂದು ನಗುವವರು ನಗಲಿ. ಮರ್ಯಾದೆ ಹೋಗುತ್ತದೆ ಎಂದು ತಡೆಯುವ ಹೆಂಗಸರಿದ್ದರೆ, ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.