ಕೆಂಪು ಅಂಟಿನ ಮೇಲಿನ ಹೆಬ್ಬೆರಳು

ನೀಲಿ ಹೊಗೆ, ಮತ್ತೆ ಅದೇ, ಸ್ಟಾರ್ಟ್ ಮಾಡಿ ಬಿಟ್ಟರೆ ಸಾಕು ಸೈಲೆನ್ಸರಿನಿಂದ ಸುರುಳಿ ಸುರುಳಿ — ನಮ್ಮ ಕೈಯಿಂದ ಕೆಟ್ಟರೆ ಗಾಡಿಯವರಿಗೆ ನಾವೇ ಮೊದಲು ಹೇಳ್ತೀವಪ್ಪಾ ಅಂತ ಅಣ್ಣ, ನಾನು ಇಬ್ಬರೂ ಮಾತು ಕೊಟ್ಟು ಇಪ್ಪತ್ತು ವರ್ಷ, ಈ ಶೆಡ್ಡಿನ ಬೀಗದ ಕೈ ಕೊಡುವಾಗ ಅಪ್ಪ ಕೇಳಿದ್ದು ಅದೊಂದೇ, ಈಗ ಅಣ್ಣನ ಬಾಯಲ್ಲಿ ಬರುವುದೇ ಬೇರೆ, ಪಿಸ್ಟನ್ ರಿಂಗ್ ಹೋಗಿದೆ ತಂಗಿ, ಇಂಜಿನ್ ಬಿಚ್ಚು, ಮುಟ್ಟದೆ, ಮೂಸದೆ, ಕುರ್ಚಿಯಲ್ಲಿ ಕೂತೇ ತೀರ್ಪು, ದೊಡ್ಡ ಜ್ಯೋತಿಷಿ ಇವನು. ನರ್ಸಮ್ಮನ ಕಾರು ಇದು, ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ಕಟ್ಟುವವಳು, ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಎಣ್ಣೆ ಕುಡಿಯುತ್ತಿದೆ, ಇಂಜಿನ್ ಬಿಚ್ಚೋದಾದ್ರೆ ಗುಜರಿಗೆ ಹಾಕಿ ನಡ್ಕೊಂಡೇ ಹೋಗ್ತೀನಿ ಅಂದಳು ಬೆಳಿಗ್ಗೆ, ಅದಕ್ಕೆ ಅಣ್ಣ, ನೀವು ಎಣ್ಣೆ ನೋಡ್ಕೊಂಡಿದ್ರೆ ಹೀಗಾಗ್ತಿತ್ತಾ ಮೇಡಂ, ಅವಳು ತಲೆ ತಗ್ಗಿಸಿದಳು, ನನಗೆ ಮೈಯೆಲ್ಲ ಉರಿ, ಸ್ಪ್ಯಾನರ್ ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಹೆಬ್ಬೆರಳಿನ ಹಳೇ ಹೊಲಿಗೆ ಸೆಳೆಯಿತು. ಬಿಚ್ಚಲ್ಲ, ಮೊದಲು ನೋಡ್ತೀನಿ — ನಾಲ್ಕೂ ಸಿಲಿಂಡರಿನ ಒತ್ತಡ ಸಮ, ರಿಂಗ್ ಹೋಗಿದ್ದರೆ ಇಳಿದಿರಬೇಕಿತ್ತು, ಎಲ್ಲಣ್ಣಾ ನಿನ್ನ ರಿಂಗ್, ಹೊರಗೆ ಒಂದು ತೊಟ್ಟೂ ಸೋರಿಕೆಯಿಲ್ಲ, ಗಾಳಿ ಒತ್ತಿ ತುಂಬುವ ಟರ್ಬೊದಿಂದ ಇಂಜಿನ್ನಿಗೆ ಹೋಗುವ ಪೈಪು ಕಳಚಿದರೆ ಒಳಗೆಲ್ಲ ಎಣ್ಣೆ, ಬಾಣಲೆ ಎಣ್ಣೆ ಸುರಿದ ಹಾಗೆ, ಹಾಗಾದರೆ ಟರ್ಬೊನೇ ಕಕ್ಕುತ್ತಿದೆ, ಅದರೊಳಗಿನ ಚಕ್ರ ಹಿಡಿದು ಅಲುಗಿಸಿದೆ, ಗಟ್ಟಿ, ಮತ್ಯಾಕೆ, ಎಣ್ಣೆಗೆ ಕೆಳಕ್ಕಿಳಿಯಲು ದಾರಿಯಿಲ್ಲದೆ ಇರಬೇಕು, ಎಣ್ಣೆ ವಾಪಸ್ ಇಳಿಯುವ ಸಣ್ಣ ಪೈಪು, ಎರಡು ಬೋಲ್ಟ್, ಬಂತು — ಒಳಗೆ ಸಂದು ಸೋರದಂತೆ ಹಚ್ಚುವ ಕೆಂಪು ಅಂಟು, ಹಚ್ಚಬೇಕಾದ್ದಕ್ಕಿಂತ ಮೂರು ಪಾಲು, ಒಳಕ್ಕೆ ಉಕ್ಕಿ ಗಟ್ಟಿಯಾಗಿ ದಾರಿ ಮುಚ್ಚಿಬಿಟ್ಟಿದೆ, ಯಾವ ಕತ್ತೆಯ ಕೆಲಸ ಇದು, ಇನ್ಯಾರು, ಅಣ್ಣನದೇ ಅವಸರದ ಕೈ, ಬರಲಿ ನರ್ಸಮ್ಮ, ಅವಳ ಮುಂದೆಯೇ ಅವನಿಗೆ ಅಪ್ಪನ ಮಾತು ನೆನಪಿಸುತ್ತೇನೆ, ಅಂಚಿನಲ್ಲಿ ಒರೆಸಿದ ಹೆಬ್ಬೆರಳಿನ ಗುರುತೂ ಇದೆ, ಒಳ್ಳೇದೇ ಆಯಿತು, ಸಾಕ್ಷಿ, ಅಡ್ಡಕ್ಕೆ ಒಂದು ಗೆರೆ, ಗೆರೆಯ ಮೇಲೆ ಮೂರು ಹೊಲಿಗೆ —

ನನ್ನದು. ಆರು ತಿಂಗಳ ಹಿಂದೆ ಈ ಟರ್ಬೊ ಇಳಿಸಿ ಕೂರಿಸಿದವಳು ನಾನು, ಅವತ್ತು ಸ್ಕೂಲಿಂದ ಫೋನು, ನಿಮ್ಮ ಮಗಳಿಗೆ ಜ್ವರ, ಬೇಗ ಬಂದು ಕರ್ಕೊಂಡು ಹೋಗಿ, ಸಂದಿಗೆ ಹಾಕುವ ಗ್ಯಾಸ್ಕೆಟ್ ಹರಿದಿತ್ತು, ಹೊಸದು ತರಲು ಹೊತ್ತೆಲ್ಲಿ, ಅಂಟು ಸುರಿದು, ಬಿಗಿದು, ಬೆರಳಲ್ಲಿ ಒರೆಸಿ ಓಡಿದ್ದೆ, ಯಾರೂ ಇಲ್ಲವಲ್ಲ ಮನೆಯಲ್ಲಿ ಇನ್ನೊಬ್ಬರು, ಎಲ್ಲದಕ್ಕೂ ಈ ಎರಡೇ ಕೈ, ಏನ್ ಸಿಕ್ತೇ ಅಂತ ಈಗ ಅಣ್ಣ ಬಗ್ಗಿ ನೋಡಿದ, ನನ್ನ ಕೈ ನೋಡಿದ, ಅಂಟು ನೋಡಿದ, ನಕ್ಕ, ಕೆರೆದು ಬಿಸಾಕು, ಹೇಳೋಕೆ ಹೋಗ್ಬೇಡ, ಥೂ, ನಿನ್ನಂಥವಳಲ್ಲ ನಾನು ಅನ್ನಬೇಕೆಂದುಕೊಂಡೆ — ಕೆರೆದೆ, ತೊಳೆದೆ, ಹೊಸ ಗ್ಯಾಸ್ಕೆಟ್ ಹಾಕಿದೆ, ಒಂದು ಗಂಟೆ ಓಡಿಸಿದೆ, ಹೊಗೆಯಿಲ್ಲ. ನರ್ಸಮ್ಮ ಬಂದಳು, ಇಂಜಿನ್ ಬಿಚ್ಚಲಿಲ್ವಾ ಅಕ್ಕಾ, ನಿಮ್ಮ ಹೊಟ್ಟೆ ತಣ್ಣಗಿರಲಿ, ನಾನೇ ಎಣ್ಣೆ ಸರಿಯಾಗಿ ನೋಡ್ಕೊಳ್ಳಲಿಲ್ಲ, ತಪ್ಪು ನಂದೇ ಅಂದಳು, ಪೈಪು ಕಟ್ಟಿತ್ತು ಅಷ್ಟೇ ಅಂದೆ ನಾನು, ಹೌದಾ, ಪಾಪ ನಿಮಗೆಷ್ಟು ತೊಂದರೆ ಕೊಟ್ಟೆ, ಅವಳು ಹೇಳುತ್ತಲೇ ಇದ್ದಳು, ನನ್ನ ಜೇಬಿನಲ್ಲಿ ಆ ಕೆಂಪು ಚೂರು, ಅದರ ಮೇಲೆ ಹೆಬ್ಬೆರಳು, ಅಡ್ಡಕ್ಕೆ ಗೆರೆ, ಮೂರು ಹೊಲಿಗೆ. ಗಾಡಿ ಹೋಯಿತು. ಅಪ್ಪನಿಗೆ ಕೊಟ್ಟ ಮಾತು ಮುರಿದೆ.