ಕಾನೂನು ಸಲಹೆ: ಮಲ್ಲೇಶಪ್ಪ

ರೋಣದ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿ ದುಡಿದ ಮಲ್ಲೇಶಪ್ಪನವರು ಗಜೇಂದ್ರಗಡದಲ್ಲಿ ಹೆಸರಾದದ್ದು ನಿವೃತ್ತಿಯ ನಂತರ, ಟೀವಿಯಿಂದ. ‘ನಾಲ್ಕನೇ ಕೋರ್ಟು’ ಧಾರಾವಾಹಿ ಮುಗಿಯುವಾಗ ಪರದೆಯ ಮೇಲೆ ‘ಕಾನೂನು ಸಲಹೆ: ಮಲ್ಲೇಶಪ್ಪ’ ಎಂದು ಬರುತ್ತಿತ್ತು. ಮೊದಲ ನಾಲ್ಕು ವರ್ಷ ಪ್ರತಿ ಕಂತಿನ ಬರಹವೂ ಅವರ ಕಣ್ಣಿಗೆ ಬಿದ್ದೇ ಮುಂದೆ ಹೋಗುತ್ತಿತ್ತು. ನಮ್ಮ ಜಡ್ಜರು ಸುತ್ತಿಗೆ ಕುಟ್ಟುವುದಿಲ್ಲ ಎಂದು ಅವರು ಬರೆದು ಕಳಿಸಿದರೆ ಸುತ್ತಿಗೆ ಮಾಯವಾಗುತ್ತಿತ್ತು.

ನಿರ್ದೇಶಕರು ಬದಲಾದರು. ಬರಹ ಬರುವುದು ನಿಂತಿತು. ಜಡ್ಜಮ್ಮ ಆರೋಪಿಯನ್ನೇ ಮದುವೆಯಾದಳು, ಸತ್ತ ವಕೀಲನಿಗೊಬ್ಬ ಅವಳಿ ತಮ್ಮ ಹುಟ್ಟಿಕೊಂಡ, ಒಂದು ಸಂಜೆಯಂತೂ ನಾಗರಹಾವೇ ಸಾಕ್ಷಿ ಹೇಳಲು ಕಟಕಟೆ ಏರಿತು. ಹೆಂಡತಿ ರೇಣವ್ವ ರಿಮೋಟು ಕೆಳಗಿಟ್ಟಳು.

“ಇದಕ್ಕೂ ನಿಮ್ಮ ಹೆಸರ ಹಾಕ್ಯಾರಲ್ರಿ. ತಗೀರಿ ಅಂತ ಹೇಳಬಾರದ?”

“ಇದ್ರ ಏನ ಹೋಗತೈತಿ ಬಿಡು.”

ಬಸ್ ಸ್ಟ್ಯಾಂಡಿನಲ್ಲಿ ಜನ ಗುರುತು ಹಿಡಿದು ನಮಸ್ಕಾರ ಮಾಡುವುದು ಅವರಿಗೆ ಹಿಡಿಸಿತ್ತು. ಧಾರಾವಾಹಿ ನೋಡುವುದನ್ನು ಬಿಟ್ಟರು. ಹೆಸರು ಬರುವ ಹೊತ್ತಿಗೆ ಮಾತ್ರ ಬಂದು ಕೂಡುತ್ತಿದ್ದರು.

ಶ್ರಾವಣದಲ್ಲಿ ಒಂದು ದಿನ ಹಿಂದಿನ ಓಣಿಯ ನೀಲವ್ವ ಬಂದಳು. ಗಂಡ ತೀರಿಕೊಂಡ ಮೇಲೆ ಕೈಮಗ್ಗದ ಕೆಲಸಕ್ಕೆ ಹೋಗುತ್ತಿದ್ದ ಹೆಂಗಸು; ತವರು ಮೆಣಸಗಿ.

“ಸರ, ಹಿರೇರ ಹೊಲದಾಗ ನನ್ನ ಪಾಲು ಅಣ್ಣಗ ಬಿಟ್ಟ ಕೊಟ್ಟೇನ್ರಿ. ನಿನ್ನಿ ರೋಣಕ್ಕ ಹೋಗಿ ಸಹಿ ಮಾಡಿ ಬಂದೆ.”

“ಯಾಕ ಬಿಟ್ಟಿ?”

“ಅಪ್ಪ ಸತ್ತ ಮೂರ ವರ್ಷದಾಗ ಕೇಳದಿದ್ರ ಹೆಣ್ಣಮಕ್ಕಳಿಗೆ ಪಾಲಿಲ್ಲಂತಲ್ರಿ. ನಮ್ಮಪ್ಪ ಹೋಗಿ ಐದ ವರ್ಷಾತು. ಹ್ಯಾಂಗೂ ಸಿಗದ್ದಕ್ಕ ಅಣ್ಣನ ಕೂಡ ಯಾಕ ಕೆಡಿಸ್ಕೋಬೇಕು?”

“ಯಾರ ಹೇಳಿದ್ರು ನಿನಗ ಹಿಂಗಂತ?”

ನೀಲವ್ವ ಬೆರಗಾಗಿ ಅವರ ಮುಖ ನೋಡಿದಳು. “ನಿಮ್ಮ ಸೀರಿಯಲ್‌ನ್ಯಾಗ ಜಡ್ಜರ ಹೇಳಿದರಲ್ರಿ. ಕಡೀಕ ನಿಮ್ಮ ಹೆಸರೂ ಬಂತು. ನೀವು ನೋಡೇ ಹಾಕಿರತೀರಿ ಅಂತ ನಂಬಿದೆ.”

ಅಂಥ ಕಾಯ್ದೆಯೇ ಇಲ್ಲ. ಒಳಗೆ ರೇಣವ್ವ ಪಾತ್ರೆ ತೊಳೆಯುವ ಸದ್ದು ನಿಂತಿತು.

“ಅದು ಸುಳ್ಳವ್ವಾ,” ಎಂದರು. “ನಾ ನೋಡಿರಲಿಲ್ಲ.”

ಅಂದೇ ಅವರು ತಮ್ಮ ಹೆಸರು ತೆಗೆಯಿರೆಂದು ಬರೆದು ಕಳಿಸಿದರು. ಮರುದಿನ ನೀಲವ್ವನನ್ನು ಕರೆದುಕೊಂಡು ರೋಣಕ್ಕೆ ಹೋದರು. ಪರಿಚಯದ ವಕೀಲರು ಕಾಗದ ತಿರುವಿ ಹಾಕಿ, “ಕಾಯ್ದೆ ಗೊತ್ತಿರಲಿಲ್ಲ ಅಂದ್ರ ಕೋರ್ಟ ಒಪ್ಪೂದಿಲ್ರಿ. ಇದನ್ನ ನಿಮಗ ನಾ ಹೇಳಬೇಕ?” ಎಂದರು. ಅವರು ಬೈಯಲಿಲ್ಲ, ಆದರೂ ಮಲ್ಲೇಶಪ್ಪನವರಿಗೆ ತಲೆ ಎತ್ತಲಾಗಲಿಲ್ಲ.

ಉಳಿದದ್ದು ಅಣ್ಣನ ಮನಸ್ಸು. ಮೆಣಸಗಿಯಲ್ಲಿ ಅಣ್ಣ ಅರ್ಜುನಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿದ. ಮಲ್ಲೇಶಪ್ಪನವರು ಕೂಡಲಿಲ್ಲ.

“ತಪ್ಪು ನಂದು, ನಿಮ್ಮ ತಂಗೀದಲ್ಲ. ಓದದ ಬರಹಕ್ಕ ಹೆಸರ ಕೊಟ್ಟೆ. ಆಕಿ ಪಾಲು ತಿರುಗಿ ಬರಕೊಡ್ರಿ.”

ಅರ್ಜುನಪ್ಪ ಮೆಲ್ಲಗೆ, “ನಾವೂ ನಿಮ್ಮ ಹೆಸರ ನೋಡೇ ಕಾಗದಾ ಮಾಡಿಸೇವ್ರಿ ಸರ. ಆಗಿದ್ದ ಆಗಿ ಹೋತು. ಚಾ ತಗೋರಿ,” ಎಂದ.

ತಿರುಗಿ ಬರುವಾಗ ಬಸ್ಸಿನಲ್ಲಿ ನೀಲವ್ವ ಅಳಲಿಲ್ಲ. ಬಹಳ ದೂರ ಬಂದ ಮೇಲೆ ಕೇಳಿದಳು.

“ಸರ, ಮೊದಲ ಬರತಿದ್ದುವೆಲ್ಲಾ ಖರೇ ಇದ್ವೇನ್ರಿ?”

“ಖರೇ ಇದ್ವು.”

“ಹಂಗಾದ್ರ ಸುಳ್ಳ ಯಾವಾಗಿಂದ ಶುರು ಆತ್ರಿ?”

ಮಲ್ಲೇಶಪ್ಪನವರಿಗೆ ಗೊತ್ತಿರಲಿಲ್ಲ.