ಶಿವಗಂಗಮ್ಮನ ಮುಖ ಯಾವ ಕಡೆ

"ಅನಸೂಯಕ್ಕ, ಅವ್ವನ ಮುಖ ಯಾವ ಕಡೆಗೈತೆ? ಅಷ್ಟು ಯೋಳ್ಬುಡಿ ಸಾಕು," ಎಂದ ಸಿದ್ದೇಶ.

ಅವನ ತಾಯಿ ಶಿವಗಂಗಮ್ಮನನ್ನು ಈ ಹೊಲದ ಮೂಲೆಯಲ್ಲಿ ಮಣ್ಣು ಮಾಡಿ ನಾಲ್ಕು ವರ್ಷವಾಗಿತ್ತು. ಈಗ ಅಲ್ಲೊಂದು ಕಲ್ಲಿನ ಗದ್ದುಗೆ ಕಟ್ಟಿಸಲು ಹೊರಟಿದ್ದ. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕೂರಿಸಿ, ಅಂಗೈಗೆ ಲಿಂಗ ಕೊಟ್ಟು, ವಿಭೂತಿ ಹಾಕಿ ಮುಚ್ಚುತ್ತಾರೆ. ಗದ್ದುಗೆಯ ದೀಪದ ಗೂಡು ಕೂತವರ ಮುಖದ ಕಡೆಗೇ ಬರಬೇಕೆಂದು ಸಿದ್ದೇಶನ ಹಟ. ಆ ದಿನ ಇಲ್ಲಿ ನಿಂತು ನೋಡಿದ ಊರಿನವರೆಂದರೆ ಅನಸೂಯಮ್ಮ ಒಬ್ಬಳೇ.

ಕೊರೊನಾ ಎರಡನೇ ಸಲ ಬಂದ ವರ್ಷ ಅದು. ಸರ್ಕಾರ ಊರಿನ ಕಾರ್ಯಪಡೆಗೆ ಪಂಚಾಯ್ತಿ ಅಧ್ಯಕ್ಷರನ್ನೇ ಮುಂದೆ ಮಾಡಿತ್ತು. ಯಾವ ಬೀದಿ ಮುಚ್ಚಬೇಕು, ಯಾರು ಹೊಸ್ತಿಲು ದಾಟಬಾರದು, ಎಲ್ಲದಕ್ಕೂ ಅವರ ಮಾತೇ ಮಾತು. ಅನಸೂಯಮ್ಮ ಅಧ್ಯಕ್ಷೆಯಾಗಿ ಮೂರೇ ತಿಂಗಳಾಗಿತ್ತು. ಅಲ್ಲಿಯವರೆಗೆ ಅವಳ ಹೆಸರಿನಲ್ಲಿ ಅಧಿಕಾರ ಮಾಡಿದವನು ಗಂಡ ಪುಟ್ಟರಾಜು. ಸಭೆಯಲ್ಲಿ ಕೂರುವವನೂ ಅವನೇ, ಹಾರ ಹಾಕಿಸಿಕೊಳ್ಳುವವನೂ ಅವನೇ. ಊರಿನಲ್ಲಿ ಮೊದಲ ಹೆಣ ಬಿದ್ದ ದಿನ ಮಾತ್ರ ಮಹಾರಾಯನಿಗೆ ಅಧ್ಯಕ್ಷೆ ಹೆಂಡತಿ ಎಂಬುದು ನೆನಪಾಯಿತು. "ಸೈನು ನಿಂದು ತಾನೇ, ನೀನೇ ಓಗು," ಎಂದು ಕೋಣೆ ಸೇರಿಕೊಂಡ.

ಆ ಹೆಣ ಶಿವಗಂಗಮ್ಮನದು. ಸಿದ್ದೇಶನಿಗೂ ಜ್ವರ. ಅವನ ಬಾಗಿಲಿಗೆ ತಗಡು ಹೊಡೆಸಿದವಳು ಅನಸೂಯಮ್ಮನೇ. ಒಳಗಿನಿಂದ ಅವನು ಫೋನು ಮಾಡಿ ಅತ್ತ. "ಅಕ್ಕ, ನಾನಂತೂ ಬರಂಗಿಲ್ಲ. ಅವ್ವನ್ನ ಕೂರಿಸ್ರಕ್ಕ, ಮಲಗುಸ್ಬ್ಯಾಡಿ."

"ಕೂರಿಸ್ತೀವಿ ಕಣಪ್ಪ," ಎಂದಳು. ಆಗ ಅವಳ ಮನಸ್ಸಿನಲ್ಲಿದ್ದದ್ದೂ ಅದೇ.

ಹೊಲದಲ್ಲಿ ಜೆಸಿಬಿ ಉದ್ದಕ್ಕೆ ಗುಂಡಿ ತೋಡಿಟ್ಟಿತ್ತು. ಹಾಸನದಿಂದ ಗಾಡಿಯಲ್ಲಿ ಬಂದಿದ್ದ ಬಿಳಿ ಗೌನಿನ ಇಬ್ಬರಲ್ಲಿ ಒಬ್ಬ, "ಇವ್ರಲ್ಲಿ ಕೂರಿಸ್ತಾರಲ್ವಾ ಮೇಡಂ? ನೀವು ಅಧ್ಯಕ್ಷರು, ಹೂಂ ಅಂದ್ರೆ ಕೂರಿಸ್ತೀವಿ. ಅರ್ಧ ಗಂಟೆ ಜಾಸ್ತಿ ಆಗ್ತದೆ," ಎಂದ. ಪಾಪ, ಒಳ್ಳೆಯ ಮನುಷ್ಯ. ಅಷ್ಟರಲ್ಲಿ ಗಾಳಿ ಅವರ ಕಡೆಯಿಂದ ಇವಳ ಕಡೆಗೆ ತಿರುಗಿತು. ಅನಸೂಯಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡಳು. "ಅಂಗೇ ಮಲಗುಸ್ಬುಡ್ರಪ್ಪ, ಬೇಗ ಮುಗುಸ್ರಿ," ಎಂದಳು. ಗಂಡನನ್ನು ಕೇಳದೆ ಅವಳು ಕೊಟ್ಟ ಮೊದಲ ಅಪ್ಪಣೆ ಅದು. ಮನೆಗೆ ಹಿಂತಿರುಗುವಾಗ ಮತ್ತೆ ಸಿದ್ದೇಶನ ಫೋನು ಬಂತು. "ಕೂರಿಸುದ್ರು ಕಣಪ್ಪ," ಎಂದುಬಿಟ್ಟಳು.

ಅಂದಿನಿಂದ ಅವಳಿಗೆ ಕಾಲು ಮಡಿಸಿ ಕೂತು ಉಣ್ಣಲಾಗುತ್ತಿಲ್ಲ. ಕೂತರೆ ಎದುರಿಗೆ ಶಿವಗಂಗಮ್ಮ ಏಳಲಾರದೆ ಮಲಗಿರುತ್ತಾಳೆ, ಕಣ್ಣು ಬಿಟ್ಟುಕೊಂಡು. ಒಲೆಯ ಪಕ್ಕ ನಿಂತೇ ನಾಲ್ಕು ತುತ್ತು ನುಂಗುತ್ತಾಳೆ. ಮಧ್ಯಾಹ್ನ ಉಂಡು ಅಡ್ಡಾದ ಪುಟ್ಟರಾಜುವಿನ ರಟ್ಟೆ ಹಿಡಿದು, "ಎದ್ದು ಕೂತ್ಕಳಿ, ಕೂತ್ಕಳಿ ಅಂದ್ರೆ," ಎಂದು ಅಲ್ಲಾಡಿಸುತ್ತಾಳೆ. "ಇವಳಿಗೇನು ಬಂದದೆ?" ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಅಧಿಕಾರ ಹೋಗಿ ಕಾಲವಾಯಿತು. ಇದು ಮಾತ್ರ ಹೋಗಲಿಲ್ಲ.

"ಬಡಗಲಿಗಾ ಅಕ್ಕ, ಮೂಡ್ಲಿಗಾ?" ಸಿದ್ದೇಶ ಮತ್ತೆ ಕೇಳಿದ.

ಯಾವುದಾದರೊಂದು ದಿಕ್ಕು ಹೇಳಿದರೆ ಮುಗಿಯುತ್ತಿತ್ತು. ಅವನು ನೆಮ್ಮದಿಯಾಗಿ ದೀಪ ಹಚ್ಚಿಕೊಂಡಿರುತ್ತಿದ್ದ. ಬಡಗಲಿಗೆ ಎನ್ನಲು ಅನಸೂಯಮ್ಮ ಬಾಯಿ ತೆರೆದಳು.

"ಮ್ಯಾಲಕ್ಕೆ," ಎಂದಳು.

"ಆಂ?"

"ಮುಖ ಮ್ಯಾಲಕ್ಕೈತೆ ಕಣಪ್ಪ. ಮಲಗುಸ್ಬುಟ್ರು. ಕೂರ್ಸಾವಾ ಅಂತ ಅವ್ರು ಕೇಳುದ್ರು, ನಾನೇ ಬ್ಯಾಡ ಅಂದೆ. ಎದ್ರುಕೆ ಆಯ್ತು. ನಿಂಗೆ ಸುಳ್ಳೇಳ್ದೆ."

ಬೈಯಲಿ, ಕೆನ್ನೆಗಾದರೂ ಬಾರಿಸಲಿ ಎಂದು ಕಾದಳು.

"ತಲೆ ಎಲ್ಲೈತೆ?" ಎಂದ ಸಿದ್ದೇಶ.

ಅವಳು ಬೇವಿನ ಗಿಡದ ಬುಡ ತೋರಿಸಿದಳು.

"ಕಾಲು?"

ಅನಸೂಯಮ್ಮನ ಬೆರಳು ಗಿಡದ ಬುಡದಿಂದ ನೆಲದ ಮೇಲೆ ನಿಧಾನವಾಗಿ ಸರಿಯುತ್ತ ಬಂತು. ಅವನ ಚಪ್ಪಲಿಗಳನ್ನು ದಾಟಿ, ಇನ್ನೂ ಎರಡು ಮೊಳ ಆಚೆಗೆ ಹೋಗಿ ನಿಂತಿತು.

ಸಿದ್ದೇಶ ಬಗ್ಗಿ ಕಾಲಡಿಯ ನೆಲ ನೋಡಿದ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಹೆಜ್ಜೆ ಎಲ್ಲಿಡಬೇಕೋ ತಿಳಿಯದೆ ಅಲ್ಲೇ ನಿಂತ.